ಯಮುನೆಯ ಗಾಳಿ, ತಾಮ್ರದ ತಂತಿ

ದೆಹಲಿಯ ಕಾಳಿಂದಿ ಕುಂಜ್, ಚಳಿಗಾಲದ ಬೆಳಗು. ಓಖ್ಲಾ ಬ್ಯಾರೇಜಿನ ಕೆಳಗೆ ಬಿಳಿ ನೊರೆ, ಮೇಲ್ಗಡೆ ಅಂತರಗಂಗೆಯ ಹಾಸು. ಕಪ್ಪುತಲೆಯ ಕಡಲಕ್ಕಿಗಳು ನೀರಿನ ಮೇಲೆ ಸುತ್ತುತ್ತಿವೆ. ಈ ಋತುವಿನಲ್ಲಿ ಅವುಗಳ ತಲೆ ಬಿಳಿ, ಕಣ್ಣಿನ ಹಿಂದೆ ಮಾತ್ರ ಕಪ್ಪು ಬೊಟ್ಟು. ದಡಕ್ಕೆಳೆದ ದೋಣಿಯಲ್ಲಿ ಎರಡು ಸ್ಟ್ರೋಕಿನ ಹಳೆಯ ಔಟ್‌ಬೋರ್ಡ್ ಮೋಟಾರು. ಕೀ ತಿರುಗಿಸಿದರೆ ಟಕ್ ಎನ್ನುತ್ತದೆ, ಸೆಲ್ಫ್ ಹೊಡೆಯುವುದಿಲ್ಲ.

ಆ ಟಕ್ ಸದ್ದು ಸೆಲ್ಫಿಗೆ ಕರೆಂಟು ಬಿಡುವ ಸೊಲೆನಾಯ್ಡಿನದು. ಕೀ, ಫ್ಯೂಸ್, ನ್ಯೂಟ್ರಲ್ ಸ್ವಿಚ್ ದಾಟಿ ಕರೆಂಟು ಅಲ್ಲಿಯವರೆಗೆ ಬಂದಿದೆ ಎಂದಾಯಿತು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಕೀ ತಿರುಗಿಸಿದೆವು. ಅರ್ಧ ವೋಲ್ಟಿನೊಳಗೆ ಇರಬೇಕಾದ ಮುಳ್ಳು 4 ದಾಟಿತು. ಬ್ಯಾಟರಿಯಲ್ಲಿ ಬಲವಿದೆ, ತಡೆ ಇರುವುದು ಅರ್ತ್ ತಂತಿಯಲ್ಲಿ.

ತಂತಿಯ ತುದಿ ಸುಲಿದಾಗ ಸಾಮಾನ್ಯವಾಗಿ ಕಾಣುವ ಹಸಿರು ಕಿಲುಬು ಇರಲಿಲ್ಲ. ಎಳೆಗಳೆಲ್ಲ ಕಾಡಿಗೆಯಂತೆ ಕಪ್ಪಾಗಿದ್ದವು. ಈ ಕಪ್ಪಿನ ಮೂಲ ನದಿಯಲ್ಲೇ ಇದೆ. ವಜೀರಾಬಾದಿನಿಂದ ಓಖ್ಲಾವರೆಗಿನ 22 ಕಿಲೋಮೀಟರು ಯಮುನೆಯ ಉದ್ದದ ಶೇಕಡಾ 2ನ್ನೂ ಮುಟ್ಟದು, ಆದರೆ ನದಿಯ ಮಾಲಿನ್ಯದ ಸುಮಾರು ಮುಕ್ಕಾಲು ಪಾಲು ಸೇರುವುದು ಇಲ್ಲೇ. ನಜಫ್‌ಗಢ ನಾಲೆಯದೇ ದೊಡ್ಡ ಪಾಲು. ಆಮ್ಲಜನಕ ತೀರಿದ ಕೊಳಚೆಯಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹುಟ್ಟಿಸುತ್ತವೆ. ಅದು ತಾಗಿದ ತಾಮ್ರ ಕಪ್ಪು ಸಲ್ಫೈಡ್ ಆಗುತ್ತದೆ. ನಾಲೆಗಳ ಅಕ್ಕಪಕ್ಕದ ಮನೆಗಳಲ್ಲಿ ಏಸಿಯ ತಾಮ್ರದ ಕಾಯಿಲ್ ಬೇಗ ತೂತು ಬೀಳುವುದಕ್ಕೂ ಇದೇ ಅನಿಲ ಕಾರಣ.

ಹೊಸ ತಂತಿ ಹಾಕಿದ ಮೇಲೆ ಸೆಲ್ಫ್ ತಿರುಗಿತು, ಎಂಜಿನ್ ಮಾತ್ರ ಹೊತ್ತಿಕೊಳ್ಳಲಿಲ್ಲ. ಕಿಡಿಯ ದಾರಿಯೇ ಬೇರೆ. ಫ್ಲೈವೀಲಿನ ಅಯಸ್ಕಾಂತ, ಅದರಡಿಯ ಕಾಯಿಲ್, ಕಿಡಿಯ ಕರೆಂಟು ಕೂಡಿಟ್ಟು ಬಿಡುವ ಸಿಡಿಐ ಪೆಟ್ಟಿಗೆ, ಪ್ಲಗ್: ಇಂಥ ಮೋಟಾರಿನಲ್ಲಿ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಎಂಜಿನ್ ನಿಲ್ಲಿಸುವ ಸ್ವಿಚ್ಚು ಆ ಕರೆಂಟನ್ನು ಅರ್ತ್‌ಗೆ ಇಳಿಸುತ್ತದೆ, ಅಷ್ಟೇ. ಸಿಡಿಐಯಿಂದ ಆ ಸ್ವಿಚ್ಚಿನ ತಂತಿ ಕಳಚಿ ಹಗ್ಗ ಎಳೆದಾಗ ಟೆಸ್ಟರಿನಲ್ಲಿ ನೀಲಿ ಕಿಡಿ ಹಾರಿತು. ಕಾಯಿಲ್, ಪೆಟ್ಟಿಗೆ ಎರಡೂ ಸರಿ, ಸ್ವಿಚ್ಚಿನೊಳಗೆ ಕೊಳೆ ಕೂತಿದೆ. ಈ ತಂತಿಗೆ ಬ್ಯಾಟರಿಯ 12 ವೋಲ್ಟ್ ತಾಗಿಸಿದರೆ ಸಿಡಿಐ ಸುಡುತ್ತದೆ. ಅದನ್ನು ಕಳಚಿಟ್ಟರೆ ಕೀ ಎಂಜಿನ್ನನ್ನು ನಿಲ್ಲಿಸದು, ಆದ್ದರಿಂದ ಸ್ವಿಚ್ಚು ಬದಲಿಸಿ ಮರಳಿ ಜೋಡಿಸಲೇಬೇಕು.

2023ರ ಜುಲೈ 13ರಂದು ದೆಹಲಿಯಲ್ಲಿ ಯಮುನೆ 208.66 ಮೀಟರ್ ಮುಟ್ಟಿ 1978ರ 207.49 ಮೀಟರಿನ ದಾಖಲೆಯನ್ನು ದಾಟಿತು. ಬೀದಿಗಳಲ್ಲಿ ದೋಣಿ ಓಡಬೇಕಾಯಿತು. ಅಂಥ ದಿನ ತಂತಿ ಸುಲಿದು ನೋಡುತ್ತ ಕೂರಲು ಪುರುಸೊತ್ತಿರುವುದಿಲ್ಲ. ಈ ದಡದಲ್ಲಿ ದೋಣಿ ಇಟ್ಟವರು ಮುಂಗಾರಿಗೆ ಮೊದಲೇ ಪ್ರತಿ ಜೋಡಣೆಯನ್ನೂ ಬಿಚ್ಚಿ ನೋಡಲಿ, ತವರ ಲೇಪಿಸಿದ ತಂತಿ ಹಾಕಿ ತುದಿಗಳಿಗೆ ಗಾಳಿಯಾಡದಂತೆ ಮುಚ್ಚಿಗೆ ಕೊಡಲಿ. ನಾಲೆಗಳ ಕೊಳಚೆ ಶುದ್ಧವಾಗದೆ ನದಿ ಸೇರುತ್ತಿರುವವರೆಗೆ ಹೊಸ ತಂತಿಯೂ ಕಪ್ಪಾಗುತ್ತಲೇ ಇರುತ್ತದೆ.