ಮೇಷ್ಟ್ರ ದನಿ, ಮೇಷ್ಟ್ರ ಹೊತ್ತು

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಗೆ ವಿಧೇಯನಾಗಿರು, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿ ಎಂಬ ಮಾತುಗಳ ಜೊತೆಗೆ ಶಿಷ್ಯ ಗುರುವನ್ನು ಗೌರವಿಸಬೇಕು ಎಂದೂ ಅಲ್ಲಿದೆ. ಇದು ಹಿಂದಿನಿಂದ ಬಂದ ಕಟ್ಟಳೆ, ಆಯುಸ್ಸು ಹೆಚ್ಚಿಸುವಂಥದ್ದು ಎಂದು ಶಾಸನ ಸೇರಿಸುತ್ತದೆ. ಆಯುಸ್ಸು ಹೆಚ್ಚುವುದು ಶಿಷ್ಯನದೋ ಗುರುವಿನದೋ, ಬಂಡೆ ಬಿಡಿಸಿ ಹೇಳಿಲ್ಲ.

ಇದೇ ಸೀಮೆಯ ಸರ್ಕಾರಿ ಶಾಲೆಯಲ್ಲಿ ಇಂದಿನ ಗುರುವಿನ ಬೆಳಗು ಹಾಲಿನ ಪುಡಿ ಕದಡಿಸುವುದರಿಂದ ಶುರು. ಆಮೇಲೆ ಹಾಜರಿ, ಬಿಸಿಯೂಟದ ಅಕ್ಕಿಬೇಳೆ, ಮೊಟ್ಟೆಯ ಲೆಕ್ಕ. ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಆಂಧ್ರದ ಗಡಿಯಾದ್ದರಿಂದ ಕೆಲವರ ಮನೆಮಾತು ತೆಲುಗು. ಶೇಂಗಾ ಕೀಳುವ ಕಾಲಕ್ಕೆ ಹಾಜರಿ ಇಳಿದರೆ ಮನೆಮನೆಗೆ ಹೋಗಿ ಕರೆಯುವವರೂ ಇವರೇ. ಇದರ ನಡುವೆ ವಾಟ್ಸಾಪಿನಲ್ಲಿ ‘ತುರ್ತು ಮಾಹಿತಿ’ ಕೇಳಿ ಸಂದೇಶ ಬರುತ್ತದೆ. ಇಂಥವರಿಗೆ ‘ಸ್ವಲ್ಪ ಧ್ಯಾನ ಮಾಡಿ ಮೇಷ್ಟ್ರೇ’ ಎನ್ನುವುದು, ನಿಜ ಹೇಳಬೇಕೆಂದರೆ, ಪುಕ್ಕಟೆ ಉಪದೇಶ. ನೆಮ್ಮದಿಗೆ ಮೊದಲು ಬೇಕಾದದ್ದು ಎರಡು: ಗಂಟಲು ಉಳಿಯಬೇಕು, ಹೊತ್ತು ಉಳಿಯಬೇಕು.

ಗಂಟಲಿನೊಳಗಿನ ಧ್ವನಿತಂತುಗಳು ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ಕ್ಕಿಂತ ಹೆಚ್ಚು ಸಲ, ಹೆಂಗಸರಲ್ಲಿ 200ರ ಆಸುಪಾಸು ಒಂದಕ್ಕೊಂದು ತಾಗುತ್ತವೆ. ಕೂಗಿದಷ್ಟೂ ಆ ತಾಗುವಿಕೆ ಬಿರುಸಾಗುತ್ತದೆ. ಶಿಕ್ಷಕಿಯರಿಗೆ ದನಿಯ ತೊಂದರೆ ಹೆಚ್ಚು ಕಾಣಿಸುವುದಕ್ಕೆ ತಂತುಗಳು ಹೆಚ್ಚು ಸಲ ತಾಗುವುದೂ ಒಂದು ಕಾರಣ. ಚಳ್ಳಕೆರೆ, ಮೊಳಕಾಲ್ಮುರಿನಂಥ ಮಳೆ ಕಡಿಮೆಯ ಒಣ ಸೀಮೆಯಲ್ಲಿ ಗಂಟಲೂ ಬೇಗ ಒಣಗುತ್ತದೆ, ಸೀಮೆಸುಣ್ಣದ ಪುಡಿ ಬೇರೆ. ಹಾಗಾಗಿ ಮೇಜಿನ ಮೇಲೆ ನೀರಿನ ಬಾಟಲಿ ಇರಲಿ; ಬಾಯಾರಿಕೆಗೆ ಕಾಯದೆ ಗುಟುಕು ಗುಟುಕಾಗಿ ಕುಡಿಯಬೇಕು. ಗದ್ದಲದ ಮೇಲೆ ಗದ್ದಲ ಮಾಡುವ ಬದಲು ಚಪ್ಪಾಳೆಯ ಒಂದು ತಾಳ ಕಲಿಸಿಡಿ: ನೀವು ಎರಡು ತಟ್ಟಿದರೆ ಮಕ್ಕಳು ಮೂರು ತಟ್ಟಿ ಸುಮ್ಮನಾಗಬೇಕು. ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳಬೇಡಿ. ದನಿ ಬಿದ್ದಾಗ ಪಿಸುಗುಟ್ಟಿದರೆ ಆರಾಮ ಎಂಬುದು ತಪ್ಪು ತಿಳಿವಳಿಕೆ, ಅದರಿಂದ ಗಂಟಲು ಇನ್ನಷ್ಟು ಬಿಗಿಯುವುದುಂಟು. ಮೂರು ವಾರ ಕಳೆದರೂ ಗೊಗ್ಗರು ಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

ಇನ್ನು ಹೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಕಾಗದದ ಮಾತು ಕಾಗದದಲ್ಲಿ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಶಿಕ್ಷಕರ ದಸರಾ ರಜೆ ಮನೆಮನೆ ಸುತ್ತುವುದರಲ್ಲೇ ಕಳೆಯಿತು. ಅದೇ ಕಾಯ್ದೆ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆಯ ಕೆಲಸವೆಂದು ಹೇಳುವಾಗ ಪಾಠದ ತಯಾರಿಯನ್ನೂ ಅದರೊಳಗೇ ಸೇರಿಸಿದೆ. ಇದನ್ನು ನಮ್ಮ ಎಷ್ಟೋ ಶಿಕ್ಷಕರೇ ಮರೆತಿದ್ದಾರೆ. ರಾತ್ರಿ ಊಟವಾದ ಮೇಲೆ ಬರೆಯುವ ಪಾಠ ಟಿಪ್ಪಣಿ ‘ಮನೆಗೆಲಸ’ವಲ್ಲ, ನೌಕರಿಯ ಹೊತ್ತೇ. ಅದನ್ನು ಶಾಲೆಯ ಅವಧಿಯಲ್ಲೇ ಮುಗಿಸಲು ಒಂದು ಪೀರಿಯಡ್ ಬಿಡಿಸಿಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಲು ಸಂಕೋಚ ಬೇಡ. ಏಕೋಪಾಧ್ಯಾಯ ಶಾಲೆಯಲ್ಲಿ ಈ ಮಾತೂ ನಡೆಯದು. ಅಲ್ಲಿ ಬೇಕಾದದ್ದು ಇನ್ನೊಬ್ಬ ಶಿಕ್ಷಕರು, ಸಲಹೆಯಲ್ಲ.

ಕೋಪ ನೆತ್ತಿಗೇರಿದ ಗಳಿಗೆಗೆ ಒಂದು ಉಪಾಯವಿದೆ. ತರಗತಿಯ ಹೊಸ್ತಿಲಲ್ಲಿ ನಿಂತು, ಒಳಗೆಳೆದ ಉಸಿರಿಗಿಂತ ಹೊರಬಿಡುವ ಉಸಿರನ್ನು ಉದ್ದ ಮಾಡಿ, ನಾಲ್ಕೈದು ಸಲ. ನಿಧಾನವಾಗಿ ಉಸಿರು ಬಿಡುವಾಗ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ಇದು ಆ ಗಳಿಗೆಗೆ ಸಾಕು, ವರ್ಷಗಟ್ಟಲೆಯ ದಣಿವಿಗೆ ಸಾಲದು. ಆ ದಣಿವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಎಂದು ವಿವರಿಸಿ, ಅದು ಕಾಯಿಲೆಯಲ್ಲ, ಉದ್ಯೋಗದಿಂದ ಹುಟ್ಟುವ ಸ್ಥಿತಿ ಎಂದಿತು. ಗುರುತು ಮೂರು: ಶಕ್ತಿಯೆಲ್ಲ ಸೋರಿಹೋದಂತಾಗುವುದು, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಭಾನುವಾರ ಮಲಗೆದ್ದರೂ ಇವು ಹೋಗದಿದ್ದರೆ, ನಿದ್ದೆ ಕೆಟ್ಟರೆ, ಯಾರೊಂದಿಗಾದರೂ ಮಾತಾಡಲೇಬೇಕು.

ಹಳ್ಳಿಯಲ್ಲಿ ಇದು ಹೇಳಿದಷ್ಟು ಸಲೀಸಲ್ಲ. ಮೇಷ್ಟ್ರು ಮನೋವೈದ್ಯರ ಬಳಿ ಹೋದರಂತೆ ಎಂಬ ಸುದ್ದಿ ಬಸ್ಸಿಗಿಂತ ಮೊದಲು ಊರು ಸೇರುತ್ತದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ ಇಂಥವರಿಗೆ ಒದಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.