ನಾವು ನಾವೇ ಹೌದೇ?

ಮನುಷ್ಯನು ಈ ಲೋಕದಲ್ಲಿ ಎದುರಿಸಬೇಕಾದ ಪರೀಕ್ಷೆಗಳು ಅನೇಕ. ಆದರೆ ತಾನು ತಾನೇ ಎಂಬುದನ್ನು ವಾರಕ್ಕೆ ನಾಲ್ಕು ಬಾರಿ ಸಾಧಿಸಿ ತೋರಿಸಬೇಕಾದ ಪರೀಕ್ಷೆ ನಮ್ಮ ಹಿರಿಯರಿಗೆ ಇರಲಿಲ್ಲ. ಅವರು ಊರಿನ ಅಂಗಡಿಗೆ ಹೋದರೆ ಅಂಗಡಿಯವನು ಒಮ್ಮೆ ತಲೆಯೆತ್ತಿ ನೋಡುತ್ತಿದ್ದನು. ಅಷ್ಟರಲ್ಲಿಯೇ ಗುರುತು, ಹಿಂದಿನ ಬಾಕಿ, ಮನೆಯವರ ಕ್ಷೇಮಸಮಾಚಾರ ಎಲ್ಲವೂ ಇತ್ಯರ್ಥವಾಗಿ ಬಿಡುತ್ತಿತ್ತು. ಇಂದು ಮನೆಯ ಬಾಗಿಲಿಗೆ ಬಂದ ಗ್ಯಾಸ್ ಸಿಲಿಂಡರನ್ನು ಒಳಗೆ ಇಳಿಸಿಕೊಳ್ಳಲು ಒಂದು ಸಂಖ್ಯೆ ಹೇಳಬೇಕು. ಪಡಿತರ ಅಕ್ಕಿಗೆ ಹೆಬ್ಬೆಟ್ಟು ಒತ್ತಬೇಕು. ರೈಲಿನ ಟಿಕೆಟ್ ಬೇಕೆಂದರೆ ಕುಡಿದವನು ಬರೆದಂತಿರುವ ವಕ್ರಾಕ್ಷರಗಳನ್ನು ಓದಿ ಒಪ್ಪಿಸಬೇಕು.

ನಮ್ಮ ಕರಾವಳಿಯ ಕ್ರೈಸ್ತರಿಗೆ ಈ ಸಂಕಷ್ಟ ಹೆಸರಿನಿಂದಲೇ ಆರಂಭವಾಗುತ್ತದೆ. ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಮುಂತಾದ ಕುಲನಾಮಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರದ ಪಕ್ಕದಲ್ಲಿ, ಮೇಲ್ಗಡೆ, ಒಂದು ಸಣ್ಣ ಕೊಕ್ಕೆ ಬರುತ್ತದೆಯಷ್ಟೆ. ಅಜ್ಜ ಮುತ್ತಜ್ಜಂದಿರು ಅದನ್ನು ನಿರಾತಂಕವಾಗಿ ಬರೆದುಕೊಂಡು ಬಂದರು. ಗಣಕಯಂತ್ರ ಮಾತ್ರ ಆ ಕೊಕ್ಕೆಯನ್ನು ಕಂಡೊಡನೆ ಕೆಂಪಕ್ಷರದಲ್ಲಿ ಗದರುತ್ತದೆ: ವಿಶೇಷ ಚಿಹ್ನೆಗಳಿಗೆ ಇಲ್ಲಿ ಅವಕಾಶವಿಲ್ಲ! ಆದುದರಿಂದ ಒಂದು ಕಚೇರಿಯ ಗುಮಾಸ್ತರು ಕೊಕ್ಕೆಯನ್ನು ಕಿತ್ತು ಎರಡು ತುಂಡನ್ನೂ ಜೋಡಿಸುತ್ತಾರೆ, ಇನ್ನೊಂದು ಕಚೇರಿಯವರು ನಡುವೆ ಜಾಗ ಬಿಡುತ್ತಾರೆ, ಮೂರನೆಯವರು ‘ಡಿ’ಯನ್ನು ತಂದೆಯ ಹೆಸರಿನ ಮೊದಲಕ್ಷರವೆಂದು ಭಾವಿಸಿ ಕೊನೆಗೆ ಸೇರಿಸುತ್ತಾರೆ. ಹೀಗೆ ಒಬ್ಬನೇ ಸೋಜನು ಆಧಾರ್ ಕಾರ್ಡಿನಲ್ಲಿ ಒಬ್ಬ, ಪಾನ್ ಕಾರ್ಡಿನಲ್ಲಿ ಮತ್ತೊಬ್ಬ, ಬ್ಯಾಂಕಿನ ಪುಸ್ತಕದಲ್ಲಿ ಮಗದೊಬ್ಬನಾಗಿ ಹಂಚಿಹೋಗುತ್ತಾನೆ. ಎರಡನ್ನು ಜೋಡಿಸಲು ಹೋದರೆ ಎತ್ತು ಏರಿಗೆ, ಕೋಣ ನೀರಿಗೆ. ಫೆರ್ನಾಂಡಿಸರ ಕೊನೆಯಕ್ಷರ ಎಸ್ಸೋ ಜೆಡ್ಡೋ ಎಂಬ ವಿವಾದವಂತೂ ಅಣ್ಣತಮ್ಮಂದಿರ ನಡುವೆಯೇ ಇತ್ಯರ್ಥವಾಗಿಲ್ಲ.

ಇದು ಸಾಲದೆಂಬಂತೆ ನಮ್ಮವರಿಗೆ ಮನೆಯ ಹೆಸರು ಬೇರೆ. ಊರಿಗೆಲ್ಲ ಇನಾಸ್ ಆದವನು ಚರ್ಚಿನ ದಾಖಲೆಯಲ್ಲಿ ಇಗ್ನೇಷಿಯಸ್. ಪೆದ್ರು ಎಂಬವನು ಪೀಟರ್, ಜುವಾಂವ್ ಎಂಬವನು ಜಾನ್, ಬಸ್ತ್ಯಾಂವ್ ಎಂಬವನು ಸೆಬಾಸ್ಟಿಯನ್. ಶಾಲೆಗೆ ಸೇರಿಸಲು ಹೋದ ಚಿಕ್ಕಪ್ಪನು ಬಾಯಿಗೆ ಬಂದ ಹೆಸರನ್ನು ಹೇಳಿ ಬಂದಿರುತ್ತಾನೆ. ಮುಂದೆ ಐವತ್ತು ವರ್ಷದ ಬಳಿಕ ಪಾಸ್‌ಪೋರ್ಟ್ ಮಾಡಿಸುವಾಗ ಆ ಚಿಕ್ಕಪ್ಪನನ್ನು ಎಲ್ಲಿಂದ ಕರೆತರುವುದು? 1969ರಲ್ಲಿ ಜನನ ಮರಣ ನೋಂದಣಿಯ ಕಾಯಿದೆ ಬರುವುದಕ್ಕೆ ಮೊದಲು ಹುಟ್ಟಿದವರಲ್ಲಿ ಹಲವರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕವೇ ಹುಟ್ಟಿದ ದಿನಕ್ಕೆ ಇರುವ ಏಕೈಕ ಲಿಖಿತ ಸಾಕ್ಷಿ. ಆದುದರಿಂದ ಅವರು ನಮ್ಮ ಕಚೇರಿಗೆ ಬರುತ್ತಾರೆ. ‘ಈ ಮೂರೂ ಹೆಸರಿನವರು ಒಬ್ಬನೇ ವ್ಯಕ್ತಿಯೆಂದು ಒಂದು ಕಾಗದ ಕೊಡಿ ಫಾದರ್’ ಎಂಬುದು ಅವರ ಬಿನ್ನಹ. ಏಕದೇವರಲ್ಲಿ ಮೂವರು ವ್ಯಕ್ತಿಗಳೆಂಬ ರಹಸ್ಯವನ್ನು ಗುರುಮಠದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ ನಮಗೆ, ಏಕವ್ಯಕ್ತಿಯಲ್ಲಿ ಮೂರು ಹೆಸರುಗಳೆಂಬ ಈ ರಹಸ್ಯವನ್ನು ಅಧಿಕಾರಿಗಳಿಗೆ ವಿವರಿಸುವುದೇ ಹೆಚ್ಚು ಕಠಿಣವಾಗಿದೆ.

ಹೆಸರು ಸರಿಹೋಯಿತೆನ್ನಿ. ಆಗ ಗುಪ್ತಪದದ ಸರದಿ. ಇಂಗ್ಲೆಂಡಿನ ದಾರ್ಶನಿಕ ಜಾನ್ ಲಾಕ್ 1694ರಲ್ಲಿ ತನ್ನ ಪ್ರಸಿದ್ಧ ಗ್ರಂಥದ ಎರಡನೆಯ ಮುದ್ರಣಕ್ಕೆ ಒಂದು ಅಧ್ಯಾಯವನ್ನು ಹೊಸದಾಗಿ ಸೇರಿಸಿದನು. ನಿನ್ನೆಯ ನಾನು, ಇಂದಿನ ನಾನು ಒಬ್ಬನೇ ಎನ್ನಲು ಆಧಾರ ದೇಹವಲ್ಲ, ಪ್ರಜ್ಞೆ ಮತ್ತು ನೆನಪು ಎಂಬುದು ಅವನ ವಾದದ ತಿರುಳು. ತರುಣರಾಗಿದ್ದಾಗ ಇದನ್ನು ಪರೀಕ್ಷೆಗಾಗಿ ಓದಿದೆವು. ನಿಜವಾಗಿ ಅರ್ಥವಾದದ್ದು ಬ್ಯಾಂಕುಗಳು ಗುಪ್ತಪದ ಕೇಳತೊಡಗಿದ ಮೇಲೆ. ನೆನಪಿದ್ದರೆ ನೀವು ನೀವೇ. ಮರೆತರೆ ನೀವು ಯಾರೋ ಕಳ್ಳ. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ ಇರಲೇಬೇಕೆಂದು ಕಟ್ಟಪ್ಪಣೆ ಬೇರೆ. ನಮ್ಮ ಕುಲನಾಮದಲ್ಲಿ ಬೇಡವೆಂದ ವಿಶೇಷ ಚಿಹ್ನೆಯೇ ಇಲ್ಲಿ ಬೇಕೇ ಬೇಕು! ಮನೆಗಳಲ್ಲಿ ಗುಪ್ತಪದಗಳನ್ನು ಕ್ಯಾಲೆಂಡರಿನ ಬದಿಯಲ್ಲಿ, ಹಾಲಿನವನ ಲೆಕ್ಕದ ಕೆಳಗೆ ಬರೆದಿಟ್ಟಿರುವುದನ್ನು ನಾವು ಕಂಡಿದ್ದೇವೆ. ವಿದ್ಯುತ್ ರೀಡಿಂಗ್ ತೆಗೆಯಲು ಬಂದವನೂ ಅದನ್ನು ಓದಬಹುದು; ಆದರೆ ಬರೆದಿಟ್ಟ ಯಜಮಾನನಿಗೇ ಅದು ಯಾವುದರ ಗುಪ್ತಪದವೆಂದು ಗೊತ್ತಿಲ್ಲದಿರುವುದರಿಂದ ಅಪಾಯವೇನೂ ಇಲ್ಲವೆನ್ನಬಹುದು.

ಇನ್ನು, ‘ನಾನು ಯಂತ್ರಮಾನವನಲ್ಲ’ ಎಂದು ಯಂತ್ರದ ಮುಂದೆ ಪ್ರಮಾಣ ಮಾಡುವ ವಿಧಿ. 1950ರಲ್ಲಿ ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞನು ಯಂತ್ರವು ಮನುಷ್ಯನಂತೆ ಉತ್ತರಿಸಬಲ್ಲುದೇ ಎಂದು ಪರೀಕ್ಷಿಸುವ ಒಂದು ಆಟವನ್ನು ಸೂಚಿಸಿದನು. ಅಲ್ಲಿ ಪರೀಕ್ಷಕನು ಮನುಷ್ಯ, ಪರೀಕ್ಷೆ ಬರೆಯುವುದು ಯಂತ್ರ. ಈಗ ಕುರ್ಚಿ ಅದಲುಬದಲಾಗಿದೆ. ಒಂಬತ್ತು ಚಿತ್ರಗಳನ್ನು ಮುಂದಿಟ್ಟು, ಇವುಗಳಲ್ಲಿ ರಸ್ತೆಬದಿಯ ಅಗ್ನಿಶಾಮಕ ನಲ್ಲಿಗಳೆಲ್ಲಿವೆ ತೋರಿಸು ಎಂದು ಯಂತ್ರ ಕೇಳುತ್ತದೆ. ಅಮೆರಿಕದ ಬೀದಿಬೀದಿಯಲ್ಲಿರುವ ಆ ಕುಳ್ಳು ನಲ್ಲಿಯನ್ನು ಬೆಳ್ತಂಗಡಿಯ ನಿವೃತ್ತ ಮೇಷ್ಟ್ರು ಎಲ್ಲಿ ನೋಡಿರಬೇಕು? ನೋಡಿಲ್ಲದಿದ್ದರೆ ಅವರು ಮನುಷ್ಯರಲ್ಲ.

ಒಟಿಪಿಯ ಕಥೆಯಲ್ಲಿ ಮಾತ್ರ ಸ್ವಲ್ಪ ಸಿಹಿಯೂ ಇದೆ. ತಾಯಿಯ ಖಾತೆಗೆ ಮಗನ ಮೊಬೈಲು ಸಂಖ್ಯೆಯನ್ನು ಜೋಡಿಸಿದ್ದು ಅವನು ಊರಿನಲ್ಲಿದ್ದಾಗ. ಈಗ ಅವನು ಕೆನಡಾದ ಟೊರೊಂಟೊದಲ್ಲಿ. ಇಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬ್ಯಾಂಕಿನ ಕಿಟಕಿಯ ಮುಂದೆ ತಾಯಿ ನಿಂತಾಗ ಅಲ್ಲಿ ನಡುರಾತ್ರಿ ಕಳೆದಿರುತ್ತದೆ. ಆರು ಅಂಕಿಗಳು ಸಾಗರ ದಾಟಿ ಅವನ ತಲೆದಿಂಬಿನ ಬಳಿ ಹೋಗಿ ಬೀಳುತ್ತವೆ. ಅವನು ಎಚ್ಚತ್ತು, ಕಣ್ಣುಜ್ಜಿ, ಓದಿ ಹೇಳುವಷ್ಟರಲ್ಲಿ ಅವು ಸತ್ತಿರುತ್ತವೆ. ಮತ್ತೊಮ್ಮೆ ಕಳುಹಿಸಬೇಕು. ನಮ್ಮ ಪರಿಚಯದ ಒಬ್ಬ ತಾಯಿಗೆ ಇದರ ಬಗ್ಗೆ ಎಳ್ಳಷ್ಟೂ ಬೇಸರವಿಲ್ಲ. ‘ಹಾಗಾದರೂ ವಾರದ ನಡುವೆ ಅವನ ಸ್ವರ ಕೇಳುತ್ತದಲ್ಲ ಫಾದರ್’ ಎನ್ನುತ್ತಾರೆ. ಸಂಖ್ಯೆಯನ್ನು ಬದಲಾಯಿಸಿಕೊಡುತ್ತೇವೆಂದು ಬ್ಯಾಂಕಿನವರು ಎರಡು ಬಾರಿ ಹೇಳಿದರೂ ಅವರು ಅರ್ಜಿಗೆ ಸಹಿ ಮಾಡಿಲ್ಲವಂತೆ.

ಇಂಥ ಸಣ್ಣ ಸುಖಗಳು ಯಂತ್ರ ಕೈಕೊಟ್ಟ ಕಡೆಯಲ್ಲಿಯೇ ಹೆಚ್ಚಾಗಿ ಸಿಗುತ್ತವೆಯೋ ಏನೋ. ಈಗ ಮೀನು ಮಾರುವ ಹೆಂಗಸರ ಬುಟ್ಟಿಯ ಬದಿಯಲ್ಲಿಯೂ ಹಣ ಪಾವತಿಯ ಚೌಕುಳಿ ಚಿತ್ರವಿದೆ. ಮಳೆಗಾಲದ ಒಂದು ಮುಂಜಾನೆ ನೆಟ್‌ವರ್ಕ್ ಇಲ್ಲದೆ ನಮ್ಮ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇದ್ದಾಗ, ಬಂಗುಡೆ ಕೊಟ್ಟವಳು ಬುಟ್ಟಿಯನ್ನು ತಲೆಗೇರಿಸುತ್ತ, ‘ಅದು ನಿಮ್ಮನ್ನು ನಂಬದಿದ್ದರೆ ಬಿಡಿ, ನಾಳೆ ಕೊಡಿ’ ಎಂದು ಹೊರಟೇ ಹೋದಳು.

ಇಲ್ಲಿಯವರೆಗಿನದು ನಗುವ ಮಾತಾಯಿತು. ಬೆರಳಿನ ವಿಚಾರ ಹಾಗಲ್ಲ.

ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವ ಆಡಳಿತ ಪದ್ಧತಿಯ ಬೇರು ನಮ್ಮ ದೇಶದ ಮಣ್ಣಿನಲ್ಲಿಯೇ ಇದೆಯೆಂಬುದು ಅನೇಕರಿಗೆ ಆಶ್ಚರ್ಯ ತರಬಹುದು. 1858ರಲ್ಲಿ ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆ ಕೆಲಸಕ್ಕೆ ಸಾಮಗ್ರಿ ಒದಗಿಸುವ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಯ ಮುದ್ರೆಯನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡನು. ಯುರೇನಸ್ ಗ್ರಹವನ್ನು ಕಂಡುಹಿಡಿದ ಖಗೋಳಜ್ಞನ ಮೊಮ್ಮಗ ಇವನು. ಅಜ್ಜ ಆಕಾಶದಲ್ಲಿ ಹುಡುಕಿದ್ದನ್ನು ಮೊಮ್ಮಗ ಅಂಗೈಯಲ್ಲಿ ಹುಡುಕಿದನೆನ್ನೋಣ. 1877ರಲ್ಲಿ ಹೂಗ್ಲಿಯಲ್ಲಿ ಅವನು ಸರಕಾರಿ ಪಿಂಚಣಿದಾರರ ಬೆರಳಚ್ಚು ತೆಗೆಯುವ ಕ್ರಮವನ್ನು ಜಾರಿಗೆ ತಂದನು. ಕಾರಣ ಸರಳ: ಪಿಂಚಣಿದಾರ ತೀರಿಕೊಂಡ ಮೇಲೆಯೂ ಬಂಧುಗಳು ಅವನ ಹೆಸರಿನಲ್ಲಿ ಹಣ ಪಡೆಯುವುದನ್ನು ತಡೆಯಬೇಕಾಗಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಆರಂಭವಾಯಿತು. ಅಚ್ಚುಗಳನ್ನು ವರ್ಗೀಕರಿಸುವ ಬೌದ್ಧಿಕ ಶ್ರಮವನ್ನು ವಹಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರಾದರೂ, ಪದ್ಧತಿಗೆ ಅಂಟಿಕೊಂಡ ಹೆಸರು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು.

ಅಂದಿನ ಆ ಪಿಂಚಣಿದಾರರು ಹೆಚ್ಚಾಗಿ ಲೇಖಣಿ ಹಿಡಿದವರಾಗಿದ್ದಿರಬೇಕು. ಬೆರಳಿನ ಗೆರೆ ಜೀವಮಾನವೆಲ್ಲ ಬದಲಾಗುವುದಿಲ್ಲವೆಂಬ ಮಾತು ನಿಜ, ಆದರೆ ಸವೆಯುತ್ತದೆ. ಗಾರೆಯವನ ಬೆರಳನ್ನು ಸಿಮೆಂಟು ತಿನ್ನುತ್ತದೆ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಬೀಡಿ ಕಟ್ಟುವವರಂತೂ ಎಲೆ ಸುರುಳಿ ಸುತ್ತಿ ಬಾಯಿ ಮಡಚುವಾಗ ಹೆಬ್ಬೆರಳು ತೋರುಬೆರಳುಗಳ ತುದಿಯನ್ನು ದಿನಕ್ಕೆ ನೂರಾರು ಬಾರಿ, ಕೈ ಚುರುಕಿನವರಾದರೆ ಸಾವಿರ ಬಾರಿ, ಅದೇ ಜಾಗದಲ್ಲಿ ಉಜ್ಜುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಎಷ್ಟು ಮನೆಗಳ ಒಲೆ ಆ ಬೆರಳುಗಳಿಂದ ಉರಿಯಿತು, ಎಷ್ಟು ಮಕ್ಕಳು ಬೀಡಿ ಬ್ರಾಂಚಿನಿಂದ ಬಂದ ಹಣದಲ್ಲಿ ಕಾಲೇಜು ಕಂಡರು ಎಂಬುದನ್ನು ಈ ಪುಟದ ಓದುಗರಿಗೆ ಹೇಳಬೇಕಾಗಿಲ್ಲ.

ನಮ್ಮ ಚರ್ಚಿನ ವ್ಯಾಪ್ತಿಯ ಒಬ್ಬ ವಿಧವೆ ಅಂಥವರಲ್ಲೊಬ್ಬರು. 1995ರ ನೌಕರರ ಪಿಂಚಣಿ ಯೋಜನೆಯ ಅಡಿಯಲ್ಲಿ ಅವರಿಗೆ ಪಿಂಚಣಿಯಿದೆ. ಆ ಯೋಜನೆಯ ಕನಿಷ್ಠ ಮೊತ್ತವನ್ನು ತಿಂಗಳಿಗೆ 1000 ರೂಪಾಯಿಯೆಂದು ನಿಗದಿ ಮಾಡಿದ್ದು 2014ರ ಸೆಪ್ಟೆಂಬರಿನಲ್ಲಿ. ಅವರ ಪಾಲಿಗೆ ಬರುವುದೂ ಅದರ ಸುತ್ತಮುತ್ತಲಿನ ಮೊತ್ತವೇ. ಅದರಲ್ಲಿ ರಕ್ತದೊತ್ತಡದ ಮಾತ್ರೆ, ವಿದ್ಯುತ್ ಬಿಲ್ಲು, ಬಸ್ಸಿನ ಖರ್ಚು. ಇದನ್ನು ಪಡೆಯಲು ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಸಾಬೀತು ಮಾಡಬೇಕು. ಫ್ರಾನ್ಸಿನ ದೆಕಾರ್ತನು 1641ರ ತನ್ನ ಗ್ರಂಥದಲ್ಲಿ ತನ್ನ ಇರವನ್ನು ಬರಿಯ ಚಿಂತನೆಯಿಂದಲೇ ಸಾಧಿಸಿದನು. ಆದರೆ ಅವನು ಅದನ್ನು ವರ್ಷವರ್ಷ ನವೀಕರಿಸಬೇಕಾಗಿರಲಿಲ್ಲ. ಈ ಬಾಯಿ ಬೆರಳಿಟ್ಟರು. ಯಂತ್ರ ಗುರುತಿಸಲಿಲ್ಲ. ಒರೆಸಿ ಇಟ್ಟರು, ತಲೆಯ ಎಣ್ಣೆ ತಾಗಿಸಿ ಇಟ್ಟರು, ಎಡಗೈಯನ್ನೂ ಇಟ್ಟರು. ಇಲ್ಲ. ವಿಚಿತ್ರವೆಂದರೆ, ಕಿಟಕಿಯ ಆಚೆ ಕುಳಿತಿದ್ದ ಗುಮಾಸ್ತರು ಅವರನ್ನು ಇಪ್ಪತ್ತು ವರ್ಷಗಳಿಂದ ಬಲ್ಲವರು. ‘ಬನ್ನಿ ಬಾಯಮ್ಮ, ಕೂತುಕೊಳ್ಳಿ, ಮಗಳು ಹೆತ್ತಳೇ?’ ಎಂದು ವಿಚಾರಿಸಿದವರು. ಬದುಕಿರುವವಳನ್ನೇ ಕೂರಿಸಿ ಮಾತನಾಡಿಸಿದರು, ಬದುಕಿರುವುದು ದೃಢಪಟ್ಟಿಲ್ಲವೆಂದು ಹೇಳಿ ಕಳುಹಿಸಿದರು. ಮೂರು ಬಾರಿ ಹೀಗಾಯಿತು. ಪಿಂಚಣಿ ನಿಂತಿತು.

ಆಕೆ ನಮ್ಮ ಬಳಿಗೆ ಬಂದು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯುತ್ತೇವೆ: ‘ಪಿಂಚಣಿ ಕೊಡುವುದು ಬೀಡಿ ಕಟ್ಟಿದ್ದಕ್ಕೆ. ಬೀಡಿ ಕಟ್ಟಿದ್ದಕ್ಕೆ ಗೆರೆ ಸವೆಯಿತು. ಗೆರೆ ಸವೆದದ್ದಕ್ಕೆ ಪಿಂಚಣಿ ಇಲ್ಲ. ಇದು ಯಾವ ಲೆಕ್ಕ ಫಾದರ್?’ ತರ್ಕಶಾಸ್ತ್ರದ ತರಗತಿಯಲ್ಲಿ ಪ್ರತಿಜ್ಞೆ, ಹೇತು, ನಿಗಮನಗಳನ್ನು ಎಷ್ಟೋ ಪುಟ ಬರೆದಿದ್ದೇವೆ. ಇಷ್ಟು ಬಿಗಿಯಾದ ಮೂರು ವಾಕ್ಯಗಳನ್ನು ಕಂಡ ನೆನಪಿಲ್ಲ. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವಿದ್ದದ್ದು ಗುರ್ಕಾರರ ಮಗಳ ಬಳಿ. 2021ರ ನವೆಂಬರಿನಿಂದ ಬೆರಳಿಗೆ ಬದಲಾಗಿ ಮುಖವನ್ನೇ ತೋರಿಸಿ ಜೀವಂತ ಪ್ರಮಾಣಪತ್ರ ಪಡೆಯುವ ಸೌಲಭ್ಯ ಬಂದಿದೆ, ಸಾಮಾನ್ಯ ಮೊಬೈಲು ಫೋನು ಸಾಕು ಎಂದು ಆಕೆ ತಿಳಿಸಿದಳು. ಇಷ್ಟು ದಿನ ಕಿಟಕಿಯಿಂದ ಕಿಟಕಿಗೆ ಅಲೆದಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲವೇಕೆ ಎಂಬುದು ಬೇರೆ ಪ್ರಶ್ನೆ. ಭಾನುವಾರ ಪೂಜೆಯ ಬಳಿಕ ಚರ್ಚಿನ ಜಗಲಿಯಲ್ಲಿ, ಬೆಳಕು ಮುಖದ ಮೇಲೆ ಬೀಳುವಂತೆ ಅಜ್ಜಿಯನ್ನು ಕೂರಿಸಲಾಯಿತು. ‘ಅಜ್ಜಿ, ಈಗ ಕಣ್ಣು ಮಿಟುಕಿಸಿ.’ ಅಜ್ಜಿ ಕಣ್ಣನ್ನು ಇನ್ನಷ್ಟು ಅಗಲ ಮಾಡಿದರು. ಮದುವೆಯ ಫೋಟೋದಿಂದ ಮೊದಲ್ಗೊಂಡು ಕ್ಯಾಮರಾ ಹಿಡಿದವರೆಲ್ಲ ಅವರಿಗೆ ಹೇಳಿದ್ದು ಒಂದೇ, ಕಣ್ಣು ಮಿಟುಕಿಸಬೇಡಿ ಎಂದು! ಈ ಯಂತ್ರಕ್ಕೆ ಮಿಟುಕಿಸಿದರೇ ಸಮಾಧಾನ. ಫೋಟೋ ಹಿಡಿದು ಮೋಸ ಮಾಡುವವರಿರುತ್ತಾರಲ್ಲ, ಫೋಟೋ ರೆಪ್ಪೆ ಬಡಿಯುವುದಿಲ್ಲ. ಎರಡನೆಯ ಸಲ ಕಣ್ಣು ಮುಚ್ಚಿದವರು ತೆರೆಯಲೇ ಇಲ್ಲ, ಜಪ ಆರಂಭಿಸಿದ್ದರು. ಸುತ್ತ ನಿಂತ ಮಕ್ಕಳೆಲ್ಲ ತಾವೂ ಪಟಪಟನೆ ರೆಪ್ಪೆ ಬಡಿದು ತೋರಿಸತೊಡಗಿದರು. ಮೂರನೆಯ ಸಲ ಹಸಿರು ಗೆರೆ ಬಂತು. ಅಜ್ಜಿ ಬದುಕಿದ್ದಾರೆಂದು ದೆಹಲಿಗೆ ತಿಳಿಯಿತು.

‘ಮುಂದಿನ ವರ್ಷವೂ ಹೀಗೆಯೇ?’ ಎಂದು ಅಜ್ಜಿ ಕೇಳಿದರು. ಹೀಗೆಯೇ ಎಂದಾಗ, ಇಷ್ಟು ಜನರ ಮುಂದೆ ಬೇಡ, ಅಡುಗೆಮನೆಯಲ್ಲಿ ಮಾಡೋಣ ಎಂದರು.

ಅದೇ ದಿನ ಇನ್ನೂ ನಾಲ್ವರು ಬೀಡಿ ಕಟ್ಟಿದ ಹೆಂಗಸರು ಸಾಲಾಗಿ ಬಂದು ಕುಳಿತರು. ಅವರಲ್ಲಿ ಇಬ್ಬರದು ಆಯಿತು, ಇಬ್ಬರ ಹೆಸರು ಆಧಾರಿನಲ್ಲಿ ಒಂದು, ಪಿಂಚಣಿಯ ಕಾಗದದಲ್ಲಿ ಇನ್ನೊಂದು ಇದ್ದುದರಿಂದ ನಿಂತಿದೆ. ಅವರ ಜ್ಞಾನಸ್ನಾನದ ಪುಟಗಳನ್ನು ಹುಡುಕುತ್ತಿದ್ದೇವೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಬೆರಳು ಸವೆದ ಹಿರಿಯರಿದ್ದರೆ ಆಧಾರ್ ಕಾರ್ಡು, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ಪುಸ್ತಕಗಳನ್ನು ಹಿಡಿದು, ಫೋನು ಬಲ್ಲ ಒಬ್ಬ ಮೊಮ್ಮಗಳನ್ನೋ ಮೊಮ್ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಬೆಳಿಗ್ಗೆ ಹತ್ತರ ಒಳಗೆ ಅಂಗಳದ ಬೆಳಕು ಚೆನ್ನಾಗಿರುತ್ತದೆ.