ಎರೆಸೀಮೆಯ ಹತ್ತಿ ಹಡಗೇರಿದ ಊರು

ಮಲಪ್ರಭೆ ಮತ್ತು ಕಾಳಿ, ಎರಡೂ ಸಹ್ಯಾದ್ರಿಯ ಮಕ್ಕಳು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಣಕ್ಕೆ ತಿರುಗಿ ಬಾದಾಮಿ, ಐಹೊಳೆ ಸೀಮೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿದ ಕಾಳಿ ಪಡುವಣಕ್ಕಿಳಿದು ಕಾರವಾರದಲ್ಲಿ ಕಡಲು ಕೂಡುತ್ತಾಳೆ. ನಮ್ಮ ಬಾಗಲಕೋಟೆ ಜಿಲ್ಲೆಯ ರಾಮಥಾಳದ ಕಡೆ ನಾರಾಯಣಪುರ ಜಲಾಶಯದ ನೀರನ್ನು ಕೊಳವೆಯಲ್ಲಿ ತಂದು ಹನಿಹನಿಯಾಗಿ ಹೊಲಕ್ಕೆ ಬಿಡುತ್ತಾರೆ. ಅಲ್ಲಿಂದ ಹೊರಟು ಹುಬ್ಬಳ್ಳಿ, ಯಲ್ಲಾಪುರ ಕಳೆದು ಅರಬೈಲು ಘಟ್ಟ ಇಳಿದವರಿಗೆ ಕಾರವಾರದ ನೀರು ಕಣ್ಣಲ್ಲಿ ಹಿಡಿಸುವುದಿಲ್ಲ. ಎತ್ತ ನೋಡಿದರೂ ನೀರೇ.

ಊರಿನ ತೆಂಕಣ ತುದಿಯ ಬೈತಖೋಲ್ ಬಂದರಿಗೆ ನಸುಕಿನಲ್ಲೇ ಹೋಗಬೇಕು. ಟ್ರಾಲರ್, ಪರ್ಸೀನ್ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಬಂಗಡೆ, ತಾರ್ಲೆ, ಸಿಗಡಿ ಮೇಲೆ ಬರುತ್ತವೆ. ಅವುಗಳ ಮೇಲೆ ಸಲಿಕೆಯಿಂದ ಐಸ್ ಸುರಿಯುತ್ತಾರೆ. ಹರಾಜು ಕೂಗುವವರ ಬಾಯಲ್ಲಿ ಕೊಂಕಣಿ, ಕನ್ನಡ, ಹಿಂದಿ ಮೂರೂ ಒಂದೇ ಉಸಿರಿನಲ್ಲಿ ಹೊರಡುತ್ತವೆ. ಸಂತೆಯಲ್ಲಿ ಎತ್ತಿನ ವ್ಯಾಪಾರ ಮುಗಿಸಲು ಅರ್ಧ ದಿನ ತೆಗೆದುಕೊಳ್ಳುವ ನಾಡಿನವನಾದ ನನಗೆ ಆ ವೇಗವೇ ಬೆರಗು. ಮೀನು ಕಾಯುವುದಿಲ್ಲವಲ್ಲ.

ಈ ಕಡಲ ಬಾಗಿಲನ್ನು ದೊಡ್ಡವರು ತಟ್ಟಿದ್ದು ಮೀನಿಗಾಗಿ ಅಲ್ಲ. 1638ರಲ್ಲಿ ಕೋರ್ಟೀನ್ ಎಂಬ ಇಂಗ್ಲಿಷ್ ವ್ಯಾಪಾರಿಯ ಕೂಟ ಇಲ್ಲಿ ಕೋಠಿ ತೆರೆಯಿತು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಕಾಳುಮೆಣಸು, ಏಲಕ್ಕಿಯ ಜೊತೆಗೆ ಹುಬ್ಬಳ್ಳಿ ಕಡೆಯ ನೇಕಾರರು ನೇಯ್ದ ನವಿರಾದ ಮಸ್ಲಿನ್ ಬಟ್ಟೆ ಇಲ್ಲಿಂದ ಹಡಗೇರುತ್ತಿತ್ತು. 1665ರಲ್ಲಿ ಶಿವಾಜಿ ಬಂದಾಗ ಈ ಕೋಠಿಯವರೂ ಕಪ್ಪ ತೆತ್ತರು. ಎರಡು ಶತಮಾನ ಕಳೆದ ಮೇಲೆ ಅಮೆರಿಕದಲ್ಲಿ ಅಂತರ್ಯುದ್ಧ ಎದ್ದು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದಾಯಿತು. ಅವರ ಕಣ್ಣು ಧಾರವಾಡ ಸೀಮೆಯ ಎರೆಭೂಮಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರು ಮಾಡುವ ಹಂಚಿಕೆಯಿತ್ತು. 1864ರಲ್ಲಿ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬೆಳಗಿತು. ಆ ದ್ವೀಪವನ್ನು ಇಂಗ್ಲಿಷರು ಆಯ್ಸ್ಟರ್ ರಾಕ್ ಎಂದು, ಸಿಂಪಿಯ ಹೆಸರಿನಿಂದಲೇ ಕರೆದರು. ಆದರೆ ಮುಂದೆ ರೈಲು ಗೋವೆಯ ಮುರ್ಮಗೋವಾಕ್ಕೆ ಹೋಯಿತು. ಹತ್ತಿಯೂ ಅದರ ಹಿಂದೆಯೇ ಹೋಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಇಂದಿಗೂ ಬಂದಿಲ್ಲ.

ಕೋಠಿ ಮುಚ್ಚಿತು, ಹತ್ತಿಯ ಗಾಡಿಗಳು ನಿಂತವು. ಆದರೂ ಊರು ಬರಿದಾಗಲಿಲ್ಲ. ಅದನ್ನು ಹಿಡಿದು ನಿಲ್ಲಿಸಿದವರು ಹರಿಕಂತ್ರ, ಖಾರ್ವಿ, ಗಾಬಿತ ಮೀನುಗಾರರು. ಅವರಲ್ಲೂ ಹೆಂಗಸರ ಪಾಲು ದೊಡ್ಡದು ಎಂಬುದು ಮೀನುಪೇಟೆಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಮಾರುವವರು, ಕೊಯ್ಯುವವರು, ದರ ಹೇಳುವವರು, ದುಡ್ಡು ಎಣಿಸುವವರು ಎಲ್ಲ ಅವರೇ. ಹೆಸರು ಗೊತ್ತಿಲ್ಲದ ಒಂದು ಸಪೂರ ಮೀನು ಕಂಡು ಕೇಳಿದೆ, “ಯಕ್ಕಾ, ಇದು ಯಾವ ಮೀನ್ರೀ?”

“ಇದು ನೊಗ್ಲಿ ಅಣ್ಣಾ. ಮುಳ್ಳು ಕಮ್ಮಿ, ಮಕ್ಕಳಿಗೂ ಕೊಡ್ಬಹುದು. ಘಟ್ಟದ ಮೇಲಿನವರಾ?”

ಹೌದೆಂದೆ. ಬಂಗಡೆ ಕೊಳ್ಳುವಾಗ ಕಿವಿರು ಎತ್ತಿ ನೋಡಬೇಕು, ಕೆಂಪಗಿರಬೇಕು, ಕಣ್ಣು ತಿಳಿಯಾಗಿರಬೇಕು, ಬೆರಳಿಂದ ಒತ್ತಿದರೆ ಮೈ ತಗ್ಗಾಗಿ ಉಳಿಯಬಾರದು ಎಂದು ಅವರು ಮಾಡಿ ತೋರಿಸಿಯೇ ಬಿಟ್ಟರು. ಮಗ್ಗುಲಲ್ಲಿ ಇಸ್ವಾಣ, ಪಾಪ್ಲೆಟ್, ತಿಸ್ರೆ ಎಂಬ ಚಿಪ್ಪುಮೀನಿನ ಗುಡ್ಡೆಗಳು. ಒಣಮೀನಿನ ಸಾಲು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಆ ಮಳೆಗಾಲಕ್ಕೆ ಬೇಸಿಗೆಯಲ್ಲೇ ಒಣಗಿಸಿಟ್ಟ ಮೀನು ಆಸರೆ, ನಮ್ಮಲ್ಲಿ ಸಂಡಿಗೆ ಹಪ್ಪಳ ಮಾಡಿಟ್ಟುಕೊಂಡಂತೆ.

ಊಟಕ್ಕೆ ದೊಡ್ಡ ಹೋಟೆಲು ಬೇಡ. ಬಾಗಲಕೋಟೆಯಲ್ಲಿ ಹೇಗೋ ಇಲ್ಲಿಯೂ ಹಾಗೇ ಖಾನಾವಳಿಯನ್ನೇ ಹುಡುಕಬೇಕು. ಕುಚಲಕ್ಕಿ ಅನ್ನದ ಮೇಲೆ ಸುರಿಯುವ ಬಂಗಡೆ ಸಾರಿನಲ್ಲಿ ನುಣ್ಣಗೆ ಅರೆದ ತೆಂಗಿನಕಾಯಿ, ಅರಿಸಿನ, ಕೊತ್ತಂಬರಿ ಬೀಜ, ಹುಳಿ ಇರುತ್ತವೆ. ಬಣ್ಣ ಬ್ಯಾಡಗಿ ಮೆಣಸಿನಕಾಯಿಯದು, ಅಂದರೆ ಘಟ್ಟದ ಮೇಲಿನದು. ಕೊನೆಗೆ ಜಜ್ಜಿ ಹಾಕುವ ತಿರಫಳ ಮಾತ್ರ ನಮಗೆ ಹೊಸತು. ನಾಲಿಗೆಯ ತುದಿ ಜುಮ್ಮೆನ್ನುತ್ತದೆ, ಮೀನಿನ ಹಸಿವಾಸನೆ ಅಡಗುತ್ತದೆ. ರವೆ ಹಚ್ಚಿ ಹುರಿದ ನೊಗ್ಲಿ, ತಿಸ್ರೆಯ ಸುಕ್ಕೆ, ಮೇಲೆ ಒಂದು ಲೋಟ ಸೋಲ್‌ಕಡಿ. ಮುರುಗಲ ಹುಳಿಗೆ ತೆಂಗಿನ ಹಾಲು ಬೆರೆಸಿದ ಆ ಕಡಿ ಸೆಕೆಯನ್ನೂ ಖಾರವನ್ನೂ ಒಟ್ಟಿಗೆ ಇಳಿಸುತ್ತದೆ.

ಊರು ನೋಡಲು ಬಂದವರು ಸಾಮಾನ್ಯವಾಗಿ ರವೀಂದ್ರನಾಥ ಟ್ಯಾಗೋರರ ಹೆಸರಿನ ಕಡಲತೀರದಲ್ಲಿ ಅಡ್ಡಾಡಿ, ಅಲ್ಲೇ ಇರುವ ಚಪಲ್ ಯುದ್ಧನೌಕೆ ಹತ್ತಿಳಿದು ಹೊರಡುತ್ತಾರೆ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರರು ಇಲ್ಲಿ ನಾಟಕವೊಂದನ್ನು ಬರೆದರು. ಅದು ಸರಿಯೇ. ಆದರೆ ನೀರು ಇಳಿಯುವ ಹೊತ್ತಿಗೆ ಬಡಗಣ ತುದಿಯ ಕೋಡಿಬಾಗಕ್ಕೆ ಹೋಗದಿದ್ದರೆ ಕಾರವಾರ ನೋಡಿದಂತಾಗದು. ಅಲ್ಲಿ ಕಾಳಿಯ ಅಳಿವೆಯಲ್ಲಿ ಹೆಂಗಸರು ಸೊಂಟಮಟ್ಟ ನೀರಿಗಿಳಿದು ಮರಳಿನಿಂದ ತಿಸ್ರೆ ಹೆಕ್ಕುತ್ತಾರೆ. ಎದುರಿಗೆ ಸದಾಶಿವಗಡದ ಗುಡ್ಡ. ಪಕ್ಕದಲ್ಲಿದ್ದ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಲಾರಿಯೊಂದು ಹೊಳೆಗೆ ಬಿತ್ತು, ಚಾಲಕ ಬದುಕಿ ಬಂದರು.

ಹಿಂದೆ ಇದೇ ಊರಿನ ಕಡಲದಂಡೆಯಲ್ಲಿ ಕೇರಿಗೆ ಕೇರಿಯೇ ಸೇರಿ ರಂಪಣಿ ಬಲೆ ಎಳೆಯುತ್ತಿತ್ತು. ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬಂದು ರಂಪಣಿ ಮೂಲೆಗೆ ಸರಿಯಿತು. ಅದರ ತಮ್ಮನಂಥ ಯೆಂಡಿ ಬಲೆ ಈಗಲೂ ಅಲ್ಲಲ್ಲಿ ಕಾಣುತ್ತದೆ. ಬಲೆ ಎಳೆಯಲು ದಂಡೆ ಬೇಕು. ತೆಂಕಣಕ್ಕೆ ಬಿಣಗಾ, ಅರಗಾದ ಮರಳು ಸೀಬರ್ಡ್ ನೌಕಾನೆಲೆಗೆ ಹೋಗಿದೆ. ಊರ ಮುಂದಿನ ತೀರದಲ್ಲಿ ಬಂದರು ವಿಸ್ತರಣೆಯ ಅಲೆತಡೆ ಕಟ್ಟಲು ಹೊರಟಾಗ, 2020ರ ಜನವರಿಯಲ್ಲಿ ಮೀನುಗಾರರು ಹೆಂಗಸರು ಮಕ್ಕಳೊಡನೆ ಬೀದಿಗಿಳಿದರು. ದೇಶಕ್ಕೆ ನೌಕಾನೆಲೆ ಬೇಕು, ವ್ಯಾಪಾರಕ್ಕೆ ಬಂದರೂ ಬೇಕು, ಒಪ್ಪುತ್ತೇನೆ. ಆದರೆ ಕಂಪನಿ ಬಿಟ್ಟುಹೋದ ಊರನ್ನು ಸಾಕಿದವರಿಗೆ ಬಲೆ ಎಳೆಯುವಷ್ಟು ಮರಳನ್ನಾದರೂ ಬಿಡಲೇಬೇಕು. ಆಣೆಕಟ್ಟಿನ ಹಿನ್ನೀರಿಗೆ ಊರುಗಳನ್ನು ಕೊಟ್ಟ ಬಾಗಲಕೋಟೆ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋಗುವುದಿದ್ದರೆ ನೂಲ ಹುಣ್ಣಿಮೆ ಕಳೆದು, ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಪೂಜೆ ಮುಗಿಸಿದ ಮೇಲೆ ಹೋಗಿ. ಭಾನುವಾರವಾದರೆ ಘಟ್ಟದ ಮೇಲಿನ ತರಕಾರಿ ಬರುವ ಸಂತೆಯೂ ಸಿಗುತ್ತದೆ. ಮೀನನ್ನು ಮಾತ್ರ ಪೇಟೆಯ ಹೆಂಗಸರ ಕೈಯಿಂದಲೇ ಕೊಳ್ಳಿ.